ಒಡೆದ ಷಡ್ಜ

ಬೆಳಗಾಗುವಷ್ಟರಲ್ಲಿ ಬಾಲ್ಕನಿಯ ಸರಳಿಗೆ ತಾಗಿಕೊಂಡು ಬಿದಿರು ನಿಂತಿತ್ತು. ದುರ್ಗಾಪೂಜೆಗೆ ಇನ್ನೂ ವಾರಗಳಿದ್ದವು. ಆದರೂ ಪಾಡಾದ, ಅಂದರೆ ಕೇರಿಯ, ಹುಡುಗರು ಓಣಿಯ ಎರಡೂ ಬದಿಗೆ ಬಿದಿರು ನೆಟ್ಟು, ಅಡ್ಡ ಕಟ್ಟಿ, ಅದರ ಮೇಲೆ ಮತ್ತೊಂದು ಅಡ್ಡ ಕಟ್ಟಿ, ಕಲ್ಲಪ್ಪನ ಎರಡನೆಯ ಮಹಡಿಯ ಬಾಲ್ಕನಿಯನ್ನೂ ತಮ್ಮ ಪೆಂಡಾಲಿನ ಒಂದು ಮೂಲೆಯಾಗಿ ಸೇರಿಸಿಕೊಂಡುಬಿಟ್ಟಿದ್ದರು. ಪ್ರತಿ ವರ್ಷವೂ ಹೀಗೆಯೇ. ಪ್ರತಿ ವರ್ಷವೂ ಅವನು ಕೇಳಬೇಕೆಂದುಕೊಂಡು ಕೇಳದೆ ಬಿಡುತ್ತಾನೆ, ಕೇಳಿದರೆ “ಕೊಲ್ಲಪ್ಪಾ ಬಾಬು, ನಮ್ಮ ಪೂಜೆಯೆಂದರೆ ನಿಮ್ಮ ಪೂಜೆಯಲ್ಲವೆ?” ಎಂದು ನಗುತ್ತಾರೆ, ತಾನೂ ನಗಬೇಕಾಗುತ್ತದೆ. ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಕಡೆಯಿಂದ ಲೋಕಲ್ ಗಾಡಿ ಹೋದ ಸದ್ದು ಕೇಳಿತು, ಗಾಡಿ ಕಾಣಲಿಲ್ಲ. ಬಿದಿರಿನ ಸಂದಿಯಿಂದ ಕಾಣುತ್ತಿದ್ದುದು ಎದುರು ಗೋಡೆಗೆ ಅಂಟಿಸಿದ್ದ ಕಾಗದ ಮಾತ್ರ. ಅದರಲ್ಲಿ ಪಂಡಿತ ವೀರಭದ್ರಪ್ಪ ಶಿರಗುಪ್ಪಿಯವರ ಭಾವಚಿತ್ರ. ಕೆಳಗೆ ಬಂಗಾಳಿಯಲ್ಲಿ, ಸ್ಮರಣ ಸಭೆ, ಈ ಭಾನುವಾರ ಸಂಜೆ, ಕ್ಲಬ್ಬಿನ ಹಾಲ್. ಅದಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಪಂಡಿತ್‌ಜಿಯವರ ಕೊನೆಯ ಬೈಠಕ್ಕಿನ, ಇದುವರೆಗೆ ಯಾರೂ ಕೇಳದ ಧ್ವನಿಮುದ್ರಣ, ಸೌಜನ್ಯ ಶ್ರೀ ಕಲ್ಲಪ್ಪ. ಬಂಗಾಳಿ ಓದಲು ಯಾಕಾದರೂ ಕಲಿತೆನೋ ಎಂದು ಕಲ್ಲಪ್ಪನಿಗೆ ಮೊದಲ ಸಲ ಅನ್ನಿಸಿತು.

ಆ ಧ್ವನಿಮುದ್ರಣವನ್ನು ಅಳಿಸಿಹಾಕುತ್ತೇನೆಂದು ಅವನು ಮಾತು ಕೊಟ್ಟಿದ್ದ. ಮಾತು ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಎದುರು ಗೋಡೆಯ ಮೇಲೆ ಕಣ್ಣು ಮುಚ್ಚಿ ಬಲಗೈ ಮುಂದೆ ಚಾಚಿ ಕೂತಿರುವ ಆ ಮನುಷ್ಯನಿಗೇ. ಕಳೆದ ಚಳಿಗಾಲದಲ್ಲಿ, ಆ ಬೈಠಕ್ಕು ನಡೆದ ಕಾಬೇರಿ ದೀದಿಯ ಮನೆಯ ಒಳಕೋಣೆಯಲ್ಲಿ, ಪಂಡಿತ್‌ಜಿ ಕೇಳಿದ್ದರು. ಇವನು ಆಗಲಿ ಎಂದಿದ್ದ. ಆಮೇಲೆ ಎಷ್ಟೋ ಸಲ ಫೋನು ತೆಗೆದು ಅದರ ಮೇಲೆ ಹೆಬ್ಬೆರಳು ಇಟ್ಟಿದ್ದಾನೆ. ಅಳಿಸಬೇಕೆ ಎಂದು ಫೋನು ಕೇಳುತ್ತದೆ, ಇವನು ಬೇಡವೆನ್ನುತ್ತಾನೆ. ನಾಳೆ ಅಳಿಸಿದರಾಯಿತು, ಓಡಿಹೋಗುವಂಥದ್ದೇನೂ ಅಲ್ಲವಲ್ಲ. ಕೇಳುವ ಆಸೆಗೆ ಇಟ್ಟುಕೊಂಡಿದ್ದನೆ ಎಂದರೆ ಅದೂ ಅಲ್ಲ. ಒಂದೇ ಒಂದು ಸಲ, ಆಫೀಸಿನಿಂದ ಬರುವಾಗ ಮೆಟ್ರೊದಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಲು ಹೋಗಿ, ದನಿ ಒಡೆಯುವ ಜಾಗ ಬಂದಾಗ ಗಾಬರಿಬಿದ್ದು ಕಿತ್ತು ಹಾಕಿದ್ದ. ಅಲ್ಲಿಂದ ಮುಂದಕ್ಕೆ ಕೇಳಿಯೇ ಇಲ್ಲ. ಮತ್ತೆ ಯಾಕೆ ಇಟ್ಟುಕೊಂಡೆ? ಉತ್ತರ ಅವನಿಗೆ ಗೊತ್ತಿತ್ತು, ಅದು ಅವನಿಗೆ ಇಷ್ಟವಾಗುವ ಉತ್ತರವಾಗಿರಲಿಲ್ಲ. ಈ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ್ದು ತನ್ನ ಬಳಿ ಇತ್ತು, ಅಷ್ಟೇ.

“ಏನ್ರೀ, ಕೆಳಗಿನ ಮನಿ ಬೌದಿ ಮತ್ತ ಹಣ್ಣು ಕೊಟ್ಟು ಹ್ವಾದ್ರು,” ಎಂದು ಪಾರ್ವತಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಸೇಬು, ಮೋಸಂಬಿ, ಬಿಳಿ ಸಂದೇಶ್ ಮಿಠಾಯಿಯ ಡಬ್ಬಿ. “ಸಾವಾದ ಮನಿಗೆ ಕೊಡೂದಂತ ಇವರು. ನಮಗ ಅವರು ಏನೂ ಆಗ್ಬೇಕಾಗಿಲ್ಲ ಅಂದ್ರ ಕೇಳೂದೇ ಇಲ್ಲ. ನಿಮ್ಮ ಭಾಷೆಯವರಲ್ಲೇನು ಅಂತಾರ.”

“ಇಸ್ಕೊ. ಬ್ಯಾಡ ಅಂದ್ರ ಬೇಜಾರ ಮಾಡ್ಕೋತಾರ.”

“ಇಸ್ಕೊಂಡೆ. ಇದನ್ನ ದೇವರ ಮುಂದ ಇಡ್ಲೋ ಬ್ಯಾಡೋ, ಅದನ್ನ ಹೇಳ್ರಿ.”

ಕಲ್ಲಪ್ಪನಿಗೆ ಗೊತ್ತಿರಲಿಲ್ಲ. ಪಂಡಿತ್‌ಜಿ ತೀರಿಕೊಂಡ ಸುದ್ದಿ ಬಂದ ದಿನದಿಂದ ಹೀಗೇ ನಡೆದಿತ್ತು. ಮೀನಿನ ಅಂಗಡಿಯವನು ಸಹ, ಈ ಮನುಷ್ಯ ಜನ್ಮದಲ್ಲಿ ಮೀನು ಕೊಳ್ಳುವವನಲ್ಲವೆಂದು ಗೊತ್ತಿದ್ದೂ, ಕರೆದು ನಿಲ್ಲಿಸಿ ತಲೆ ಅಲ್ಲಾಡಿಸಿದ್ದ. ಆಫೀಸಿನಲ್ಲಿ, ರೈಲ್ವೆಯ ಆ ಹಳೆಯ ಕಟ್ಟಡದಲ್ಲಿ, ಮೇಲಧಿಕಾರಿ ಬಂದು ಹೆಗಲ ಮೇಲೆ ಕೈಯಿಟ್ಟು, ಬೇಕಾದರೆ ರಜೆ ತೆಗೆದುಕೊಳ್ಳಿ ಎಂದಿದ್ದರು. ಇವನು ತೆಗೆದುಕೊಂಡಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಮುಖ ಸಪ್ಪೆ ಮಾಡಿ ಕೂತಿದ್ದ, ಮತ್ತು ಕೂತಲ್ಲೇ ತನ್ನ ಸಪ್ಪೆ ಮುಖ ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿಕೊಂಡಿದ್ದ. ದುಃಖ ಇತ್ತು. ಆದರೆ ಅದರ ಅಡಿಯಲ್ಲಿ, ಸುದ್ದಿ ಕೇಳಿದ ಮೊದಲ ಗಳಿಗೆಯಲ್ಲಿ, ಅಳಿಸಿದೆಯಾ ಎಂದು ಇನ್ನು ಯಾರೂ ಕೇಳುವವರಿಲ್ಲ ಎಂಬ ಒಂದು ಹಗುರವೂ ಸುಳಿದುಹೋಗಿತ್ತು, ಅದನ್ನು ಅವನು ಮರೆತಿರಲಿಲ್ಲ.

ಧಾರವಾಡದವರೆಂದರೆ ಸಂಗೀತ ರಕ್ತದಲ್ಲೇ ಇರುತ್ತದೆಂದು ಇಲ್ಲಿಯವರ ನಂಬಿಕೆ. ಕಲ್ಲಪ್ಪ ಅಲ್ಲಿದ್ದಷ್ಟು ವರ್ಷ ವೀರಭದ್ರಪ್ಪನವರ ಮನೆಯ ಮುಂದೆ ಸೈಕಲ್ ಮೇಲೆ ಹೋಗಿದ್ದನೇ ಹೊರತು ಒಂದು ಹಾಡು ಕೇಳಿರಲಿಲ್ಲ. ತನ್ನ ಊರಿನ ಗಾಯಕನನ್ನು ಅವನಿಗೆ ತೋರಿಸಿಕೊಟ್ಟವರು ಈ ಬಂಗಾಳಿಗಳು. ವರ್ಗವಾಗಿ ಬಂದ ಹೊಸತರಲ್ಲಿ, ಸಂಗೀತ ಮಂಡಳಿಯ ಕಾರ್ಯದರ್ಶಿ ನಿರುಪಮ ಬಾಬು, ಊರು ಯಾವುದೆಂದು ಕೇಳಿದವರೇ ಅವನ ಕೈ ಹಿಡಿದುಕೊಂಡು “ಧಾರೊವಾಡ್!” ಎಂದು ಉದ್ಗರಿಸಿ, ಮರುವಾರವೇ ಕಾರ್ಪೆಟ್ಟಿನ ಮೇಲೆ ಕೂಡಿಸಿದ್ದರು. ಇವನು ತಲೆದೂಗಲು ಕಲಿತ. ಒಂದು ಸಲ ತಾಳದ ಸಮ ಬರುವ ಮೊದಲೇ ‘ಆಹಾ’ ಎಂದುಬಿಟ್ಟಿದ್ದಕ್ಕೆ ನಿರುಪಮ ಬಾಬು ತಿರುಗಿ, ಬಹಳ ಸೌಜನ್ಯದಿಂದ, ನಕ್ಕಿದ್ದರು. ಆ ನಗು ನೆನಪಾದಾಗಲೆಲ್ಲ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ಆಮೇಲೆ ಅವನು ಹಿಂದಿನ ಸಾಲಿಗೆ ಸರಿದ. ಪಂಡಿತ್‌ಜಿ ಬಂದಾಗ ಸ್ಟೇಷನ್ನಿಗೆ ಹೋಗುವುದು, ಪಾರ್ವತಿ ಮಾಡಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಟ್ಟಿಸುವುದು, ಅವರಿಗೆ ಬಿಸಿನೀರು ಬೇಕೋ ಬೆಚ್ಚಗಿನದು ಬೇಕೋ ಎಂದು ಕನ್ನಡದಲ್ಲಿ ಕೇಳಿ ಬಂಗಾಳಿಯಲ್ಲಿ ಹೇಳುವುದು, ಇಷ್ಟು ಅವನ ಪಾಲಿಗೆ ಉಳಿದಿತ್ತು. ರಾಗದ ಮಾತು ಬಂದಾಗ ಮಂಡಳಿಯವರ ಕಣ್ಣುಗಳು ಅವನನ್ನು ದಾಟಿ ಹೋಗುತ್ತಿದ್ದವು.

ಆ ಚಳಿಗಾಲದ ಬೈಠಕ್ಕಿಗೆ ಬಂದಾಗ ಪಂಡಿತ್‌ಜಿ ಹಣ್ಣಾಗಿಹೋಗಿದ್ದರು. ಯಾರೂ ಮುದ್ರಿಸಿಕೊಳ್ಳಬಾರದೆಂದು ಮೊದಲೇ ಹೇಳಿಸಿದ್ದರು. ಕಾಬೇರಿ ದೀದಿ ಬಾಗಿಲಲ್ಲೇ ಬೆತ್ತದ ಬುಟ್ಟಿ ಹಿಡಿದು ನಿಂತು ಎಲ್ಲರ ಫೋನು ಇಸಿದುಕೊಂಡಿದ್ದರು. ಕಲ್ಲಪ್ಪ ನೀರು, ಶಾಲು, ಮಾತ್ರೆ ಎಂದು ಒಳಗೆ ಹೊರಗೆ ಓಡಾಡುವವನು, ಬುಟ್ಟಿ ಅವನ ಮುಂದೆ ಬರಲೇ ಇಲ್ಲ. ಅವನನ್ನು ಅವರು ಎಣಿಕೆಗೇ ಹಿಡಿದಿರಲಿಲ್ಲ. ಆ ಸಿಟ್ಟಿಗೋ, ಆಸೆಗೋ, ಬಿಳಿ ಅಂಗಿಯ ಕಿಸೆಯಲ್ಲಿದ್ದ ಫೋನನ್ನು ಧ್ವನಿಮುದ್ರಣಕ್ಕೆ ಹಚ್ಚಿಟ್ಟು ಹಿಂದಿನ ಸಾಲಿನಲ್ಲಿ ಕೂತ. ಪಂಡಿತ್‌ಜಿ ಹಾಡಿದರು. ಬಹಳ ಹೊತ್ತು ಕೆಳಗಿನ ಸ್ವರಗಳಲ್ಲೇ, ಜಾರುವ ಮೆಟ್ಟಿಲು ಹತ್ತುವವರ ಹಾಗೆ ಒಂದೊಂದನ್ನೇ ಕಾಲಿನಿಂದ ತಡವಿ ನೋಡುತ್ತ ಹೋದರು. ತಾರ ಷಡ್ಜದ ಹತ್ತಿರ ಬಂದಾಗ ಕೋಣೆಯೆಲ್ಲ ಉಸಿರು ಹಿಡಿಯಿತು, ಮತ್ತು ದನಿ ಒಡೆಯಿತು. ಮತ್ತೊಮ್ಮೆ ಹತ್ತಿದರು, ಮತ್ತೆ ಒಡೆಯಿತು. ಮೂರನೆಯ ಸಲ ದನಿಯೇ ಬರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ತಂಬೂರಿಯವಳು ನುಡಿಸುತ್ತಲೇ ಇದ್ದಳು. ಕಲ್ಲಪ್ಪನಿಗೆ ಆವತ್ತು, ಅಷ್ಟು ವರ್ಷ ತಲೆದೂಗಿದ್ದರಲ್ಲಿ ಮೊದಲ ಸಲ, ಹೊಟ್ಟೆಯೊಳಗಿನಿಂದ ಅಳು ಬಂದಿತ್ತು. ಅದು ನಿಜವಾದದ್ದೆಂದು ಅವನು ಪ್ರಮಾಣ ಮಾಡಿ ಹೇಳಬಲ್ಲ.

ಹಾಗಿದ್ದರೂ ಬಾಯಿ ಜಾರಿತು. ಸುದ್ದಿ ಬಂದ ಬೆಳಗ್ಗೆ ನಿರುಪಮ ಬಾಬು ಫೋನಿನಲ್ಲಿ ಅಳುತ್ತಿದ್ದರು. ದೊಡ್ಡ ಮನುಷ್ಯ, ಕಾಲೇಜಿನಲ್ಲಿ ಪಾಠ ಹೇಳಿದವರು, ಮೂಗು ಏರಿಸಿಕೊಂಡು ಅಳುತ್ತಿದ್ದರು. “ಆ ಸಂಜೆ ಹೋಯಿತು, ಕೊಲ್ಲಪ್ಪಾ ಬಾಬು, ಗಾಳಿಯಲ್ಲಿ ಹೋಯಿತು. ನಾನು ಮೂರ್ಖ, ಅವರ ಮಾತು ಕೇಳಿದೆ. ಒಂದು ಚೂರಾದರೂ ಉಳಿದಿದ್ದರೆ!” ಎಂದರು. ಆಗ, ಯಾರೋ ಹಿಂದಿನಿಂದ ನೂಕಿದಂತೆ, ನನ್ನ ಹತ್ತಿರ ಇದೆ ಎಂದು ಕಲ್ಲಪ್ಪ ಅಂದುಬಿಟ್ಟ. ಆ ಕಡೆ ಅಳು ನಿಂತಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನಿರುಪಮ ಬಾಬು ಅವನನ್ನು “ದಾದಾ”, ಅಣ್ಣಾ, ಎಂದು ಕರೆದರು. ಮಧ್ಯಾಹ್ನದೊಳಗೆ ಮಂಡಳಿಯವರಿಗೆಲ್ಲ ಗೊತ್ತಾಗಿತ್ತು, ಸಂಜೆಯೊಳಗೆ ಗೋಡೆಯ ಕಾಗದಕ್ಕೆ ಹೋಗಿತ್ತು. ಅಳಿಸಿಹೋಯಿತು ಎಂದು ಈಗಲೂ ಹೇಳಬಹುದು, ಫೋನು ಕೆಟ್ಟಿತು ಎನ್ನಬಹುದು. ದಿನಾ ಬೆಳಗ್ಗೆ ಹೇಳಬೇಕೆಂದುಕೊಂಡ. ದಿನಾ ಯಾರಾದರೂ ಓಣಿಯಲ್ಲಿ ಅವನ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು.

ಊಟವಾದ ಮೇಲೆ ಮಗಳು ಇಂಚರಳ ಕೋಣೆಗೆ ಹೋದ. ಸಂಗೀತದ ಹುಚ್ಚು ಹೊಸದಾಗಿ ಹತ್ತಿದಾಗ ಹುಟ್ಟಿದವಳೆಂದು ಆ ಹೆಸರಿಟ್ಟದ್ದು. ಈಗ ಕಾಲೇಜು ಓದುತ್ತಿದ್ದಾಳೆ, ಇವರು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಸಭೆಯಲ್ಲಿ ಧ್ವನಿಮುದ್ರಣ ಹಾಕುವ ಕೆಲಸ ಅವಳದೆಂದು ಗೊತ್ತಾಗಿತ್ತು.

“ಪೂರ್ತಿ ಹಾಕಬ್ಯಾಡ,” ಎಂದ. “ಕೊನೀಗೆ ದನಿ ಸರಿ ಇಲ್ಲ. ಮ್ಯಾಲಿನ ಸಾ ಬರೂಕಿಂತ ಮೊದಲ ನಿಲ್ಲಸು. ನಾ ಸನ್ನೆ ಮಾಡ್ತೀನಿ.”

“ವೈ, ಅಪ್ಪಾ? ದೇ ವಾಂಟ್ ದ ಹೋಲ್ ಥಿಂಗ್.”

“ನಿಲ್ಲಸು ಅಂದ್ರ ನಿಲ್ಲಸು.”

ಅವಳು ಅವನ ಮುಖ ನೋಡಿದಳು. “ಓಕೆ,” ಎಂದಳು. ಅರ್ಧ ಕೇಳಿಸಿದರೆ ಅರ್ಧ ಮಾತು ಉಳಿಸಿಕೊಂಡ ಹಾಗೆ ಎಂದು ಕಲ್ಲಪ್ಪ ಲೆಕ್ಕ ಹಾಕಿದ. ಒಡೆದ ದನಿ ಉಳಿಯಬಾರದೆಂದು ತಾನೆ ಅವರು ಹೇಳಿದ್ದು. ಒಡೆಯುವ ಮೊದಲಿನದು ಉಳಿದರೆ ಅವರಿಗೇನು ಬೇಸರ? ಲೆಕ್ಕ ವಿಭಾಗದಲ್ಲೇ ತಲೆ ನೆರೆತವನಿಗೆ ಈ ಲೆಕ್ಕ ತಾಳೆಯಾಯಿತು, ಮಧ್ಯಾಹ್ನ ಸ್ವಲ್ಪ ನಿದ್ದೆಯೂ ಬಂತು. ಎದ್ದಾಗ ಪಾರ್ವತಿ ಆ ಬಿಳಿ ಅಂಗಿಯನ್ನೇ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಬೇರೆಯದು ಕೊಡು ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಹಾಕಿಕೊಂಡ. “ನಂಗ ಮೊಣಕಾಲು ನೋವೊಂದು ಇಲ್ಲಾಂದ್ರ ನಾನೂ ಬರ್ತಿದ್ದೆ ನೋಡ್ರಿ,” ಎಂದಳು. “ರೊಟ್ಟಿ ತಿಂದು ‘ತಂಗೀ, ಊರ ಕಂಡಂಗ ಆತು’ ಅಂದಿದ್ರು. ಇವತ್ತ ನಿಮಗ ಎಲ್ಲಾರೂ ಕೈ ಮುಗೀತಾರ.”

ಕ್ಲಬ್ಬಿನ ಹಾಲ್ ತುಂಬಿಹೋಗಿತ್ತು. ಟಾಲಿಗಂಜ್‌ನಿಂದ, ದೂರದ ದಕ್ಷಿಣೇಶ್ವರದಿಂದ ಕೂಡ ಜನ ಬಂದಿದ್ದರು. ಬಿಳಿ ಸೀರೆಯ ಮುದುಕಿಯರು, ಜೋಳಿಗೆ ಹಾಕಿದ ಗಡ್ಡದವರು, ಹುಡುಗಿಯರು. ರಜನೀಗಂಧದ ಹಾರದಲ್ಲಿ ಭಾವಚಿತ್ರ ಅರ್ಧ ಮುಚ್ಚಿಹೋಗಿತ್ತು. ಹೂವಿನ ವಾಸನೆ, ಧೂಪ, ಬೆವರು, ಮೇಲೆ ತಿರುಗಿಯೂ ಗಾಳಿ ಕೊಡದ ಫ್ಯಾನು. ಕಲ್ಲಪ್ಪ ಅಭ್ಯಾಸದಂತೆ ಹಿಂದಿನ ಸಾಲಿಗೆ ಹೋಗುತ್ತಿದ್ದವನನ್ನು ನಿರುಪಮ ಬಾಬು ತೋಳು ಹಿಡಿದು ಮುಂದೆ ತಂದು, ಕಾಬೇರಿ ದೀದಿಯ ಪಕ್ಕದಲ್ಲಿ ಕೂಡಿಸಿದರು. ಮುಂದಿನ ಸಾಲಿನಿಂದ ಬಾಗಿಲು ಬಹಳ ದೂರ ಎಂಬುದು ಅವನಿಗೆ ಮೊದಲ ಸಲ ತಿಳಿಯಿತು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ತನ್ನ ಗಂಡ ಸತ್ತ ವರ್ಷ ತಾನು ಬದುಕಿದ್ದೇ ಆ ದನಿಯಿಂದ ಎಂದು ಒಬ್ಬಾಕೆ ಹೇಳಿ, ಮುಂದೆ ಹೇಳಲಾರದೆ ಕೂತಳು. ಸುಳ್ಳಾಡುವವರಂತೆ ಒಬ್ಬರೂ ಕಾಣಲಿಲ್ಲ. ಅದೇ ಕಲ್ಲಪ್ಪನಿಗೆ ಸಹಿಸಲು ಕಷ್ಟವಾಯಿತು.

ದೀಪ ತಗ್ಗಿಸಿದರು. ಇಂಚರ ಲ್ಯಾಪ್‌ಟಾಪಿನ ಮುಂದೆ ಕೂತು ಅಪ್ಪನನ್ನು ನೋಡಿ ತಲೆಯಾಡಿಸಿದಳು. ದೊಡ್ಡ ಸ್ಪೀಕರುಗಳಲ್ಲಿ ಮೊದಲು ಬಂದದ್ದು ಬಟ್ಟೆ ಉಜ್ಜಿದ ಸದ್ದು, ಅವನ ಅಂಗಿಯದು. ಆಮೇಲೆ ಅವನದೇ ಕೆಮ್ಮು. ಅದರ ಹಿಂದೆ, ಗೋಡೆಯಾಚೆಯಿಂದ ಬಂದಂತೆ, ತಂಬೂರಿ. ಆಮೇಲೆ ಆ ದನಿ. ಹಾಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಅಲ್ಲಲ್ಲಿ ಫೋನುಗಳು ಮೇಲೆದ್ದವು, ಇವತ್ತು ಯಾರೂ ಬುಟ್ಟಿ ಹಿಡಿದು ನಿಂತಿರಲಿಲ್ಲ. ನಡುವೆ ಒಂದು ಕಡೆ, ಎಲ್ಲಕ್ಕಿಂತ ಜೋರಾಗಿ, ಸಮಕ್ಕೆ ಮೊದಲೇ, ‘ಆಹಾ’ ಎಂದು ಅವನ ಬಾಯಿ. ಮುಂದಿನ ಸಾಲಿನಲ್ಲಿ ಯಾರೂ ನಗಲಿಲ್ಲ, ಕಾಬೇರಿ ದೀದಿ ಅವನ ಮೊಣಕೈ ಒತ್ತಿದರು. ದನಿ ಮೇಲೆ ಹತ್ತತೊಡಗಿತು. ಕಲ್ಲಪ್ಪ ಇಂಚರಳ ಕಡೆ ಕೈ ಎತ್ತಿದ. ಅವಳು ಬೆರಳು ಮುಂದೆ ಚಾಚಿದಳು.

“ಬೇಡ ಮಗಳೇ,” ಎಂದು ಬಂಗಾಳಿಯಲ್ಲಿ ಹೇಳುತ್ತ ಕಾಬೇರಿ ದೀದಿ ಎದ್ದೇ ನಿಂತರು. “ನಿಲ್ಲಿಸಬೇಡ. ಅದಕ್ಕಾಗಿಯೇ ಅಲ್ಲವೆ ನಾವು ಬಂದದ್ದು.” ನಿಲ್ಲಿಸಬೇಡ, ನಿಲ್ಲಿಸಬೇಡ ಎಂದು ಹಿಂದಿನಿಂದಲೂ ಮಾತು ಬಂತು. ಇಂಚರ ಅಪ್ಪನನ್ನು ನೋಡಿದಳು, ಅವನ ಎತ್ತಿದ ಕೈ ಹಾಗೇ ಇತ್ತು, ಯಾರೋ ಅದನ್ನು ದುಃಖವೆಂದು ತಿಳಿದು ಹಿಡಿದು ಮಡಿಲಿಗೆ ಇಳಿಸಿದರು. ಷಡ್ಜ ಒಡೆಯಿತು. ಮತ್ತೆ ಒಡೆಯಿತು. ಬರಿ ತಂಬೂರಿ ಉಳಿಯಿತು, ಹಾಲಿನ ತುಂಬ ಅಳು. ಮುಗಿಯಿತಲ್ಲ ಎಂದು ಕಲ್ಲಪ್ಪ ಉಸಿರು ಬಿಟ್ಟ. ಮುಗಿದಿರಲಿಲ್ಲ. ಸ್ಪೀಕರಿನಲ್ಲಿ ಹೆಜ್ಜೆ ಸದ್ದು, ಬಾಗಿಲು, ಲೋಟದ ಸದ್ದು ಬಂತು. ಫೋನು ಕಿಸೆಯಲ್ಲೇ ಓಡುತ್ತಿತ್ತೆಂಬುದು, ಒಳಕೋಣೆಗೂ ಅದು ತನ್ನೊಂದಿಗೆ ಬಂದಿತ್ತೆಂಬುದು ಅವನಿಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ.

“ಕಲ್ಲಪ್ಪ,” ಎಂದಿತು ಆ ದನಿ, ಹತ್ತಿರದಿಂದ, ಸ್ವಲ್ಪವೂ ಒಡೆಯದೆ. “ಕಿಸೇದಾಗ ಬೆಳಕು ಕಾಣ್ಸಾಕತ್ತೈತಿ. ಹಚ್ಚಿಟ್ಟಿದ್ದೇನು?” ಅಂಗಿ ಉಜ್ಜಿದ ಸದ್ದು. “ಇರ್ಲಿ. ಸಿಟ್ಟಿಲ್ಲ ನನಗ. ಆದ್ರ ಇದನ್ನ ಅಳಿಸಿ ಬಿಡಪಾ. ಒಡದ ದನಿ ನನ್ನ ಹಿಂದ ಉಳೀಬಾರದು. ಅಳಿಸಿ ಬಿಡಪಾ.”

ಅದಕ್ಕೆ ಉತ್ತರವಾಗಿ, ಇಡೀ ಹಾಲು ತುಂಬುವಂತೆ, ಕಲ್ಲಪ್ಪನ ದನಿ: “ಆತ್ರೀ, ಅಳಿಸ್ತೀನ್ರಿ.”

ಅಲ್ಲಿಗೆ ನಿಂತಿತು. ದೀಪ ಹತ್ತಿತು. ಎಲ್ಲರೂ ಅವನನ್ನು ನೋಡುತ್ತಿದ್ದರು, ಒದ್ದೆ ಕಣ್ಣುಗಳಲ್ಲಿ, ಪ್ರೀತಿಯಿಂದ. ನಿರುಪಮ ಬಾಬು ಮೈಕು ತಂದು ಅವನ ಬಾಯಿಯ ಮುಂದೆ ಹಿಡಿದರು. “ದಾದಾ, ನಿಮ್ಮ ಜೊತೆಗೇ ಮಾತಾಡಿದ್ದು! ಕೊನೆಯ ಮಾತು! ಏನಂದರು?” ಕಲ್ಲಪ್ಪ ಇಂಚರಳನ್ನು ನೋಡಲಿಲ್ಲ. ನೋಡದಿದ್ದರೂ ಅವಳು ಎಲ್ಲಿ ನಿಂತಿದ್ದಾಳೆ, ಹೇಗೆ ನೋಡುತ್ತಿದ್ದಾಳೆ ಎಂಬುದು ಅವನ ಚರ್ಮಕ್ಕೆ ತಿಳಿಯುತ್ತಿತ್ತು. ಈ ಹಾಲಿನಲ್ಲಿ ಅವಳೊಬ್ಬಳು ತನಗೆ ಕನ್ನಡ ಬರುವುದಿಲ್ಲವೆನ್ನಲಾರಳು.

“ಆಶೀರ್ವಾದ ಮಾಡಿದರು,” ಎಂದ, ತನ್ನ ಹರಕು ಬಂಗಾಳಿಯಲ್ಲಿ. “ಎಲ್ಲರಿಗೂ. ಮತ್ತೆ ಬರುತ್ತೇನೆ ಎಂದರು.”

“ನೀವು ಏನಂದಿರಿ?”

“ಬನ್ನಿ ಎಂದೆ.”

ಇಡೀ ಹಾಲ್ ಮತ್ತೆ ಅತ್ತಿತು. ಆ ಮಾತು ಹೇಳಿಕೊಡಿ, ಅವರ ಮಾತಿನಲ್ಲೇ, ಎಂದು ಕಾಬೇರಿ ದೀದಿ ಕೇಳಿದರು. ಹೇಳಿಕೊಡುವುದು ಬೇಕಾಗಲಿಲ್ಲ, ಹಾಡಿನ ಕಿವಿಯವರು, ಒಮ್ಮೆ ಕೇಳಿದರೆ ಸಾಕು. ಕಾಬೇರಿ ದೀದಿ ಭಾವಚಿತ್ರದ ಮುಂದೆ ಹೋಗಿ ಕೈ ಮುಗಿದು, ಅವರ ಏರಿಳಿತದಲ್ಲೇ, ಮೆಲ್ಲಗೆ, “ಒಳಿಶಿ ಬಿಡೊಪಾ” ಎಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಬಂದು, ಹೂವಿನ ಎಸಳು ಹಾಕಿ, ಆ ಮನುಷ್ಯನಿಗೆ ಅದನ್ನೇ ಹೇಳಿ ಮುಂದೆ ಸರಿದರು. ಹೊರಗೆ ಹೋಗುವ ದಾರಿ ಆ ಸಾಲಿನಿಂದಲೇ ಇತ್ತು. ಕಲ್ಲಪ್ಪನೂ ಸಾಲಿನಲ್ಲಿ ನಿಂತ. ಚಿತ್ರದ ಮುಂದೆ ಬಂದಾಗ ಎಸಳು ಹಾಕಿದ, ಬಾಯಿ ತೆರೆಯಲಿಲ್ಲ.

ಬಾಗಿಲಲ್ಲಿ ನಿರುಪಮ ಬಾಬು ಅವನನ್ನು ತಬ್ಬಿಕೊಂಡರು. “ಇನ್ನೊಂದು ಸಂತೋಷದ ಸುದ್ದಿ. ನನ್ನ ಫೋನಿನಲ್ಲಿ ಹಿಡಿದುಕೊಂಡದ್ದನ್ನು ಆಗಲೇ ಧಾರವಾಡಕ್ಕೆ ಕಳಿಸಿದೆ, ಅವರ ಮಗ ಅರುಣ ಅವರಿಗೆ. ಮನೆಯವರೆಲ್ಲ ಕೂತು ಕೇಳುತ್ತಿದ್ದಾರಂತೆ. ನಿಮ್ಮ ನಂಬರ್ ಕೊಟ್ಟಿದ್ದೇನೆ,” ಎಂದರು. ಒಳಗೆ ತಡವಾಗಿ ಬಂದವರಿಗಾಗಿ ಕೊನೆಯ ಭಾಗವನ್ನು ಮತ್ತೆ ಹಾಕಲು ಯಾರೋ ಕೇಳುತ್ತಿದ್ದರು.

ಓಣಿಯಲ್ಲಿ ಬಿದಿರಿನ ನಡುವೆ ಒಬ್ಬರು ಹೋಗುವಷ್ಟೇ ಜಾಗ ಬಿಟ್ಟಿದ್ದರು. ಕಲ್ಲಪ್ಪ ಮುಂದೆ, ಇಂಚರ ಹಿಂದೆ. ಅವಳು ಏನಾದರೂ ಅನ್ನಲಿ, ಇಂಗ್ಲಿಷಿನಲ್ಲಾದರೂ ಬೈಯಲಿ ಎಂದು ಕಾಯುತ್ತ ನಡೆದ. ಅವಳ ಚಪ್ಪಲಿಯ ಸದ್ದು ಮಾತ್ರ ಬರುತ್ತಿತ್ತು. ಆಗ ಕಿಸೆಯಲ್ಲಿ ಫೋನು ನಡುಗಿತು, ಬಿಳಿ ಅಂಗಿಯೊಳಗಿಂದ ಬೆಳಕು ಕಾಣಿಸಿತು. ಅವನು ನಿಂತ. ನಿಂತರೆ ಅವಳೂ ನಿಲ್ಲಬೇಕಾಯಿತು, ದಾಟಿ ಹೋಗಲು ಜಾಗವಿರಲಿಲ್ಲ.

“ಅಪ್ಪಾ,” ಎಂದಳು, ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ. “ಎತ್ತು.”

ಎತ್ತಿದ.

“ಕಲ್ಲಪ್ಪನವರೇನ್ರಿ? ನಾ ಅರುಣ, ಧಾರವಾಡದಿಂದ.” ಅಪ್ಪನದೇ ದನಿ, ವಯಸ್ಸು ಮಾತ್ರ ಕಡಿಮೆ. “ಕೇಳಿದ್ವಿರಿ. ಅವ್ವನೂ ಕೇಳಿದ್ಲು. ಅಕಿ ಒಂದು ಮಾತು ಕೇಳು ಅಂದಾಳ. ನಿಮ್ಮ ಹಂತ್ಯಾಕ ಇದ್ದದ್ದು, ಅದು ಇನ್ನೂ ಐತೇನ್ರಿ?”

“ಐತ್ರಿ.”

ಈ ಕಡೆ, ಹಾಲಿನ ತೆರೆದ ಕಿಟಕಿಯಿಂದ, ಮತ್ತೆ ಹಾಕಿದ ಮುದ್ರಣದ ಹೆಜ್ಜೆ ಸದ್ದು, ಬಾಗಿಲು, ಲೋಟ.

“ಅಳಿಸಿ ಬಿಡ್ರಿ,” ಎಂದ ಅರುಣ, ಸಿಟ್ಟಿಲ್ಲದೆ.

ಕಲ್ಲಪ್ಪ ಬಾಯಿ ತೆರೆದ. ಅವನಿಗಿಂತ ಮೊದಲೇ, ಬಿದಿರಿನ ಮೇಲಿನಿಂದ, ಇಡೀ ಓಣಿಗೆ ಕೇಳುವಂತೆ ಅವನ ದನಿ “ಆತ್ರೀ, ಅಳಿಸ್ತೀನ್ರಿ” ಎಂದಿತು. ಅದರ ಹಿಂದೆಯೇ ಅವನೂ ಅದನ್ನೇ ಅಂದ.